ಮರದ ತುದಿಗೆ ಕಟ್ಟಿದ ಅರ್ಜಿ

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಕೆರೆ ಇತ್ತು. ಕೆರೆಯ ಏರಿಯ ಮೇಲೆ ಒಂದು ಹೊಂಗೆ ಮರ. ಮರದ ಒಂದು ಪಾಲು ಹಸಿರು, ಇನ್ನೊಂದು ಪಾಲು ಒಣಗಿ ಬೋಳು. ಬೋಳು ಕೊಂಬೆಯ ತುದಿಯಲ್ಲಿ ಕೊಕ್ಕರೆ ಜವರಪ್ಪನ ಗೂಡು. ಅಲ್ಲಿಂದ ಜವರಪ್ಪನಿಗೆ ಇಡೀ ಕೆರೆ ಕಾಣುತ್ತಿತ್ತು. ಕೆರೆಯವರಿಗೆ ಮಾತ್ರ ಜವರಪ್ಪ ಕಾಣುತ್ತಿರಲಿಲ್ಲ.

ಜವರಪ್ಪ ಕೆರೆ ಪಂಚಾಯಿತಿಯ ಅಧ್ಯಕ್ಷ. ಕೆಟ್ಟವನಲ್ಲ. ಅಧ್ಯಕ್ಷನಾದ ದಿನವೇ ಕಪ್ಪೆ ತಿನ್ನುವುದನ್ನು ಬಿಟ್ಟು ಬಸವನಹುಳುಗಳಲ್ಲಿ ತೃಪ್ತಿ ಕಂಡುಕೊಂಡಿದ್ದ. ಅವನಲ್ಲಿದ್ದ ದೋಷ ಒಂದೇ. ತಕರಾರು ಕೇಳುವುದೆಂದರೆ ಅವನಿಗೆ ಆಗದು. ಕೇಳಬೇಕಾದರೆ ಕೆಳಗೆ ಬಗ್ಗಬೇಕು, ಬಗ್ಗಿದರೆ ಕತ್ತು ನೋಯುತ್ತದೆ. ಕತ್ತು ಎಷ್ಟು ಉದ್ದವೋ ನೋವೂ ಅಷ್ಟೇ ಉದ್ದ.

ಆ ಕೆರೆಯಲ್ಲಿ ಒಂದು ಪದ್ಧತಿ ಇತ್ತು. ಯಾರೇ ಗೂಡು ಕಟ್ಟಲಿ, ಬಿಲ ತೋಡಲಿ, ಮೊದಲು ಎಲೆಯೊಂದರ ಮೇಲೆ ಅರ್ಜಿ ಗೀಚಿ ಪಂಚಾಯಿತಿಗೆ ಕೊಡಬೇಕು. ಆ ಎಲೆಯನ್ನು ಏಳು ದಿನ ಕಟ್ಟಿಡಬೇಕು. ಅಷ್ಟರಲ್ಲಿ ಯಾರೂ ತಕರಾರು ಹೇಳದಿದ್ದರೆ ಅನುಮತಿ ಸಿಕ್ಕಿದಂತೆ. ಎಲೆಯನ್ನು ಎಲ್ಲಿ ಕಟ್ಟಬೇಕು ಎಂದು ಹಿರಿಯರು ಹೇಳಿರಲಿಲ್ಲ. ಎಲ್ಲರಿಗೂ ಕಾಣುವ ಕಡೆ ಕಟ್ಟುತ್ತಾರೆ, ಅದನ್ನೂ ಹೇಳಬೇಕೆ ಎಂದುಕೊಂಡಿದ್ದರು.

ಜವರಪ್ಪ ಎಲೆಗಳನ್ನು ಹೊಂಗೆ ಮರದ ತುದಿಗೆ ಕಟ್ಟಿಸತೊಡಗಿದ. ಕಟ್ಟುವವನು ಗುಮಾಸ್ತ ಓತಿಕ್ಯಾತ. ಯಾರು ಏನು ಹೇಳಿದರೂ ತಲೆಯನ್ನು ಮೇಲೆ ಕೆಳಗೆ ಆಡಿಸುವುದು ಅವನ ಅಭ್ಯಾಸ. ಪಂಚಾಯಿತಿ ಅದನ್ನೇ ಒಪ್ಪಿಗೆ ಎಂದು ಎಣಿಸುತ್ತಿತ್ತು.

ಏರಿಯ ಮೂಲೆಯ ತೆಳುನೀರಿನಲ್ಲಿ ಕಪ್ಪೆ ಕೆಂಚಮ್ಮನ ಗೊದಮೊಟ್ಟೆಗಳಿದ್ದವು. ಹಿಂಗಾಲು ಬಂದಿತ್ತು, ಮುಂಗಾಲು ಬಂದಿರಲಿಲ್ಲ. ಅದು ಬರುವತನಕ ನೀರಿಲ್ಲದೆ ಅವು ಬದುಕವು.

ಒಂದು ಬೆಳಿಗ್ಗೆ ಕೆಂಚಮ್ಮ ನೋಡುತ್ತಾಳೆ, ಬಟ್ಟೆ ಒಗೆಯುವ ಕಲ್ಲಿನ ಬುಡ ಒಣಗಿದೆ. ಏರಿಯಲ್ಲಿ ಒಂದು ತೂತು. ತೂತಿನೊಳಗಿಂದ ಮಣ್ಣು ಹಾರಿ ಹಾರಿ ಬೀಳುತ್ತಿದೆ.

"ಯಾರಪ್ಪಾ ಒಳಗೆ?"

ಹೆಗ್ಗಣ ಮೂತಿ ಹೊರಗೆ ಹಾಕಿತು. "ನಾನೇ ಅಕ್ಕ. ಮನೆ ಕಟ್ಟುತ್ತಿದ್ದೇನೆ. ನಾಲ್ಕು ಕೋಣೆ, ಹಿಂದೆ ಒಂದು ಕಣಜ. ಗೃಹಪ್ರವೇಶಕ್ಕೆ ನೀನು ಬರಲೇಬೇಕು."

"ಬರುತ್ತೇನೆ, ಕೆರೆ ಉಳಿದರೆ. ಏರಿ ತೋಡಿದರೆ ನೀರು ನಿಲ್ಲುತ್ತದೆಯೇ?"

"ಅನುಮತಿ ಇದೆಯಲ್ಲ ಅಕ್ಕ. ಏಳು ದಿನ ಎಲೆ ಕಟ್ಟಿದ್ದರು. ನೀನು ಏನೂ ಹೇಳಲಿಲ್ಲ."

ಕೆಂಚಮ್ಮ ಹೊಂಗೆ ಮರದ ಬುಡಕ್ಕೆ ಹೋಗಿ ಕೂಗಿದಳು. ಮೂರನೆಯ ಕೂಗಿಗೆ ಜವರಪ್ಪ ಕೊಕ್ಕು ಮಾತ್ರ ಹೊರಗೆ ಚಾಚಿದ.

"ಸ್ವಾಮಿ, ಆ ಎಲೆ ನಮಗೆ ಕಾಣಲೇ ಇಲ್ಲ."

"ಕತ್ತೆತ್ತಿ ನೋಡಬೇಕಮ್ಮ."

"ನೋಡುತ್ತಲೇ ಇದ್ದೇವೆ ಸ್ವಾಮಿ. ಮರದ ಮೇಲೆ ಸಾವಿರ ಎಲೆ ಇವೆ. ಯಾವುದು ಅರ್ಜಿಯದು, ಯಾವುದು ಮರದ್ದು ಎಂದು ಹೇಗೆ ತಿಳಿಯುವುದು?"

"ಹತ್ತಿ ನೋಡಬಹುದಿತ್ತು. ಕಟ್ಟಿದ್ದೇವೋ ಇಲ್ಲವೋ? ಕಟ್ಟಿದ್ದೇವೆ. ಏನಪ್ಪಾ ಓತಿ?"

ಓತಿಕ್ಯಾತ ತಲೆಯಾಡಿಸಿದ.

"ಅವಧಿ ಮುಗಿಯಿತು. ಹೋಗಿ ಬಾ ತಾಯಿ," ಎಂದು ಜವರಪ್ಪ ಕೊಕ್ಕನ್ನು ಒಳಗೆಳೆದುಕೊಂಡ.

ವಾಪಸು ಬರುವಾಗ ದಾರಿಯಲ್ಲಿ ಗೆದ್ದಲುಗಳ ಸಾಲು ಎದುರಾಯಿತು. ಹಿಂದಿನ ವಾರದ ಮಳೆಗೆ ಅವುಗಳ ಹುತ್ತ ಕುಸಿದಿತ್ತು.

"ಎಲ್ಲಿಗೆ ಹೊರಟಿರಿ?" ಎಂದಳು ಕೆಂಚಮ್ಮ.

"ಒಣಮರ ಹುಡುಕುತ್ತಿದ್ದೇವೆ. ಹಸಿ ನಮಗೆ ಒಗ್ಗುವುದಿಲ್ಲ."

ಕೆಂಚಮ್ಮ ತಿರುಗಿ ಹೊಂಗೆ ಮರದ ಬೋಳು ಪಾಲಿನ ಕಡೆ ನೋಡಿದಳು. ಆಮೇಲೆ, "ಒಂದು ಅರ್ಜಿ ಹಾಕಿ. ಕಟ್ಟುವ ಕೆಲಸ ನನಗಿರಲಿ," ಎಂದಳು.

ಗೆದ್ದಲುಗಳು ಎಲೆಯನ್ನು ಕೊರೆದು ಬರೆದವು: 'ಹೊಂಗೆ ಮರದ ಒಣ ಪಾಲು, ಬುಡದಿಂದ ತುದಿಯವರೆಗೆ.' ಓತಿಕ್ಯಾತ ಓದದೆಯೇ ತಲೆಯಾಡಿಸಿದ. "ನಿಮಗೇಕೆ ಅಣ್ಣ ಮರ ಹತ್ತುವ ಶ್ರಮ? ನಾನೇ ಕಟ್ಟುತ್ತೇನೆ," ಎಂದು ಕೆಂಚಮ್ಮ ಹೇಳಿದಾಗ ಇನ್ನೂ ಜೋರಾಗಿ ಆಡಿಸಿದ.

ಕೆಂಚಮ್ಮ ಎಲೆಯನ್ನು ಕಚ್ಚಿಕೊಂಡು ಮುಳುಗಿದಳು. ಕೆರೆಯ ತಳದಲ್ಲಿ ತಾವರೆಯ ದಂಟೊಂದಕ್ಕೆ ಅದನ್ನು ಬಿಗಿಯಾಗಿ ಕಟ್ಟಿದಳು.

ಆ ಏಳು ದಿನ ಅವಳಿಗೆ ಸುಲಭವಾಗಿರಲಿಲ್ಲ. ಹೆಗ್ಗಣ ತೋಡಿದ್ದನ್ನು ಕಪ್ಪೆಗಳೆಲ್ಲ ಸೇರಿ ಕೆಸರು ಮೆತ್ತಿ ಮುಚ್ಚುವುದು, ಮುಚ್ಚಿದ್ದನ್ನು ಹೆಗ್ಗಣ ಮತ್ತೆ ತೋಡುವುದು. ಅಂಗಳದಷ್ಟಿದ್ದ ತೆಳುನೀರು ಮೊರದಷ್ಟಾಯಿತು. ಗೊದಮೊಟ್ಟೆಗಳು ಒಂದರ ಮೇಲೊಂದು ಬಿದ್ದು ಒದ್ದಾಡತೊಡಗಿದವು.

ಎಂಟನೆಯ ದಿನ ಬೆಳಕು ಹರಿಯುವಾಗ ಗೆದ್ದಲುಗಳು ಮರ ಹತ್ತಿದವು. ಜವರಪ್ಪ ಕಣ್ಣು ಬಿಡುವಷ್ಟರಲ್ಲಿ ಮಣ್ಣಿನ ಗೆರೆ ಅರ್ಧ ಕಾಂಡ ದಾಟಿತ್ತು. ಗೂಡಿನಲ್ಲಿ ಅವನ ಮೂರು ಮರಿಗಳು, ಇನ್ನೂ ಹಾರಲು ಬಾರದವು.

"ಏಯ್, ನಿಲ್ಲಿ! ಯಾರು ಹೇಳಿದರು ನಿಮಗೆ?"

"ಅನುಮತಿ ಇದೆ ಸ್ವಾಮಿ," ಎಂದವು ಗೆದ್ದಲುಗಳು.

ಕೆಳಗಿನಿಂದ ಕೆಂಚಮ್ಮ ಹೇಳಿದಳು, "ಏಳು ದಿನ ಎಲೆ ಕಟ್ಟಿದ್ದೆವು ಸ್ವಾಮಿ. ಯಾರೂ ತಕರಾರು ಹೇಳಲಿಲ್ಲ."

"ನಾನು ನೋಡಲೇ ಇಲ್ಲವಲ್ಲ. ಎಲ್ಲಿ ಕಟ್ಟಿದ್ದೆ?"

"ಕೆರೆಯ ತಳದಲ್ಲಿ. ಮೀನುಗಳು ನೋಡಿದವು, ಏಡಿಗಳು ನೋಡಿದವು."

"ಕೆರೆಯ ತಳಕ್ಕೆ ಯಾರು ಬಂದು ನೋಡುತ್ತಾರೆ?"

"ಮುಳುಗಿ ನೋಡಬಹುದಿತ್ತು."

ಜವರಪ್ಪ ಗುಮಾಸ್ತನ ಕಡೆ ತಿರುಗಿದ. ಗುಮಾಸ್ತ ತಲೆಯಾಡಿಸಿದ.

"ಕೆಂಚಮ್ಮ, ಮರಿಗಳಿವೆ ಕಣಮ್ಮ. ರೆಕ್ಕೆ ಬಂದಿಲ್ಲ," ಎಂದ ಜವರಪ್ಪ. ದನಿ ಇಳಿದಿತ್ತು.

"ನನ್ನವಕ್ಕೆ ಮುಂಗಾಲು ಬಂದಿಲ್ಲ ಸ್ವಾಮಿ. ಇಳಿದು ಬಂದು ನೋಡಿ."

ಅಧ್ಯಕ್ಷನಾದ ಮೇಲೆ ಮೊದಲ ಸಲ ಜವರಪ್ಪ ದೂರು ನೋಡಲು ಕೆಳಗಿಳಿದ. ಏರಿಯ ಮೂಲೆಗೆ ಹೋಗಿ ಕತ್ತು ಬಗ್ಗಿಸಿ, ಮೊರದಷ್ಟು ನೀರನ್ನು ಬಹಳ ಹೊತ್ತು ನೋಡಿದ. ಕಟ್ಟಳೆಯ ಮಾತು ಮತ್ತೆ ಎತ್ತಲಿಲ್ಲ. ಕೊಕ್ಕಿನ ತುಂಬ ಕೆಸರು ತುಂಬಿಕೊಂಡು ತೂತಿಗೆ ಮೆತ್ತಿದ.

"ನನಗೆ ಅನುಮತಿ ಇದೆ," ಎಂದು ಹೆಗ್ಗಣ ಮೂತಿ ಊದಿಸಿತು.

"ಗೆದ್ದಲಿಗೂ ಇದೆ. ಎರಡೂ ರದ್ದು," ಎಂದ ಜವರಪ್ಪ.

ಗೆದ್ದಲುಗಳಿಗೆ ಏರಿಯ ಹಿಂದೆ ಬಿದ್ದಿದ್ದ ಒಣ ದಿಮ್ಮಿ ಸಿಕ್ಕಿತು. ಮರಕ್ಕಿಂತ ಇದೇ ವಾಸಿ, ಹತ್ತುವ ಕೆಲಸವಿಲ್ಲ ಎಂದು ಅವು ಹೊರಟವು. ಹೆಗ್ಗಣಕ್ಕೆ ದಿನ್ನೆಯ ಮೇಲೆ ಜಾಗ ತೋರಿಸಿದರು. ಹಳ್ಳದ ನೀರು ಬಂದು ಕೆರೆ ಮತ್ತೆ ಒಗೆಯುವ ಕಲ್ಲನ್ನು ಮುಟ್ಟಿತು. ಹತ್ತು ದಿನ ಕಳೆದ ಮೇಲೆ ಪುಟ್ಟ ಪುಟ್ಟ ಕಪ್ಪೆಗಳು ಆ ಕಲ್ಲಿನ ಮೇಲೆ ಕುಪ್ಪಳಿಸಿದವು.

ಈಗ ಆ ಕೆರೆಯಲ್ಲಿ ಅರ್ಜಿ ಬಂದರೆ, ಅದರಿಂದ ಯಾರಿಗೆ ತೊಂದರೆಯಾದೀತೋ ಅವರ ಮನೆಯ ಬಾಗಿಲಿಗೇ ಎಲೆ ಕಟ್ಟುತ್ತಾರೆ. ಕಟ್ಟಲು ಜವರಪ್ಪನೇ ಮೊಣಕಾಲುದ್ದದ ಕೆಸರಿನಲ್ಲಿ ಓಡಾಡುತ್ತಾನೆ. ಕತ್ತು ಈಗಲೂ ನೋಯುತ್ತದಂತೆ. ಆ ತಕರಾರನ್ನು ಮಾತ್ರ ಅವನು ಯಾರಿಗೂ ಹೇಳುವುದಿಲ್ಲ.

ನೀತಿ: ತೊಂದರೆ ಪಡುವವರ ಕಣ್ಣಿಗೆ ಬೀಳದಂತೆ ಸಾರಿದ್ದು ಸಾರಿದಂತಲ್ಲ, ಕೇಳಲು ಬಗ್ಗದವನಿಗೆ ಒಂದು ದಿನ ಕೆಳಗಿಳಿದೇ ಕೇಳಬೇಕಾಗುತ್ತದೆ.