ಹೆಂಟೆಮಾಳ

ಬೋರನಗುಂದಿಗೂ ಸೀತಿಗೆಹಾಳಿಗೂ ನಡುವೆ, ಎರಡೂ ಊರಿನ ಹೊಲಗಳು ಮುಗಿಯುವಲ್ಲಿ, ಎತ್ತರದ ಹುಲ್ಲುಬಯಲೊಂದಿದೆ. ಅದೇ ಹೆಂಟೆಮಾಳ. ಮೂರು ವರ್ಷದ ಹಿಂದೆ, ನೆಲವನ್ನು ಕಾಪಾಡಿ ಜನರ ವಿಹಾರಕ್ಕೆ ಬಿಡಬೇಕೆಂದು ಪಂಚಾಯಿತಿಗೆ ಅನುದಾನ ಬಂತು. ಸುತ್ತಲೂ ನಡಿಗೆಯ ದಾರಿ, ನಾಲ್ಕು ಸಿಮೆಂಟಿನ ಬೆಂಚು, ಮಕ್ಕಳಿಗೊಂದು ಜಾರುಬಂಡೆ ಆದವು. ಉದ್ಘಾಟನೆಗೆ ಬಂದವರೊಬ್ಬರು ಇಂಥ ಅನುದಾನ ಈ ಸೀಮೆಗೇ ಮೊದಲೆಂದು ಭಾಷಣ ಬಿಗಿದರು. ಮುಂದೆ ಕೂತಿದ್ದ ಮುದುಕರು ಮುಖ ಮುಖ ನೋಡಿಕೊಂಡರು. ಅವರ ಲೆಕ್ಕದಲ್ಲಿ ಅದು ಎರಡನೆಯದು. ಮೊದಲನೆಯದನ್ನು ಪಡೆದವನು ಒಬ್ಬ ಕುಳವಾಡಿ. ಅದಕ್ಕಾಗಿ ಅವನು ಕಳೆದುಕೊಂಡದ್ದನ್ನು ಅವರು ಈಗಲೂ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಎರಡೂ ಊರಿನವರು ಮಾಳ ತಮ್ಮದೆಂದು ಜಗಳಕ್ಕೆ ಬಿದ್ದರು ಎನ್ನುತ್ತಾರೆ. ಅಲ್ಲಿಯವರೆಗೆ ದನ ಮೇಯುತ್ತಿದ್ದ, ಮಕ್ಕಳು ಆಡುತ್ತಿದ್ದ ನೆಲದಲ್ಲಿ ನೇಗಿಲು ಹೂಡುವ ಆಸೆ ಇಬ್ಬರಿಗೂ ಹುಟ್ಟಿತ್ತು. ಇಂಥ ವ್ಯಾಜ್ಯ ತೀರಿಸುವವನು ಕುಳವಾಡಿ. ಅವನು ಊರಾಚೆಯ ಕೇರಿಯವನು, ಊರವರ ಹೊಸಿಲು ದಾಟುವಂತಿರಲಿಲ್ಲ. ಆದರೆ ಊರಿನ ಎಲ್ಲೆ ಅವನೊಬ್ಬನಿಗೇ ಗೊತ್ತು, ಆ ಮಾತಿಗೆ ಗೌಡನೂ ತಲೆಬಾಗಬೇಕು. ಎಲ್ಲೆಗಲ್ಲಿನ ಬುಡದ ಮಣ್ಣಿನ ಹೆಂಟೆಯೊಂದನ್ನು ತಲೆಯ ಮೇಲೆ ಹೊತ್ತು ಅವನು ನಡೆದದ್ದೇ ಗಡಿ. ಹೊರಡುವ ಮೊದಲು, ಸುಳ್ಳು ಹೆಜ್ಜೆ ಇಟ್ಟರೆ ತನ್ನ ಸಂತಾನ ಉಳಿಯದಿರಲಿ ಎಂದು ಆಣೆಯಿಡಬೇಕು.

ಬೋರನಗುಂದಿಯ ಕುಳವಾಡಿ ಮಲಿಗನಿಗೆ ಹೆಂಡತಿ ಸತ್ತಿದ್ದಳು. ಇದ್ದವಳು ಒಬ್ಬಳೇ ಮಗಳು, ಈರಿ. ಅವಳನ್ನು ಸೀತಿಗೆಹಾಳಿಗೇ ಕೊಟ್ಟಿತ್ತು. ಆಗ ಐದು ತಿಂಗಳ ಬಸುರಿ. ಎಲ್ಲೆ ನಡೆಯುವ ಹಿಂದಿನ ದಿನ ಅವಳು ಏದುಸಿರು ಬಿಡುತ್ತ ಬಂದಳು.

"ಅಪ್ಪಯ್ಯ, ಮಾಳ ನಮ್ಮೂರ ಕಡೀಕೇ ಬೀಳಂಗೆ ನಡಿ. ಇಲ್ದಿದ್ರೆ ನಮ್ಮತ್ತೆ ಇನ್ನು ನಿನ್ನ ಮಕ ನೋಡಾಕೂ ಬಿಡಾಕಿಲ್ಲ."

ಮಲಿಗ ಅವಳಿಗೆ ಅಂಬಲಿ ಬಗ್ಗಿಸಿಕೊಟ್ಟ. ಅವನಪ್ಪ ತೋರಿಸಿಕೊಟ್ಟಿದ್ದ ಎಲ್ಲೆಯ ದಾರಿ ಒಂದಲ್ಲ, ಎರಡು, ಮಾಳದ ಆಚೆಗೊಂದು ಈಚೆಗೊಂದು; ಮಾಳ ಯಾವ ಊರಿಗೂ ಸೇರಿದ್ದಲ್ಲ. ಸುಳ್ಳು ನಡೆದರೆ ಆಣೆ ತಟ್ಟುವುದು ಅವಳಿಗೂ ಅವಳ ಹೊಟ್ಟೆಯ ಕೂಸಿಗೂ. ನಿಜ ನಡೆದರೆ ಅವಳು ಬದುಕುತ್ತಾಳೆ, ಆದರೆ ತನ್ನ ಪಾಲಿಗೆ ಇಲ್ಲವಾಗುತ್ತಾಳೆ. ಆಣೆಯ ಮಾತೆತ್ತಿ ಬಸುರಿಯನ್ನು ಹೆದರಿಸಲು ಅವನಿಗೆ ಮನಸ್ಸು ಬರಲಿಲ್ಲ. ಉಂಡು ಹೋದ ಮಗಳ ಬೆನ್ನನ್ನು ತಿರುವಿನವರೆಗೂ ನೋಡುತ್ತ ನಿಂತ.

ಮರುದಿನ ಮಲಿಗ ಮಿಂದು, ಉಪವಾಸವಿದ್ದು, ಸೀಮೆಯ ನಾಯಕನ ಎದುರಿಗೆ ಆಣೆಯಿಟ್ಟು, ಹೆಂಟೆ ಹೊತ್ತು ಮೂಡಣ ಕಲ್ಲಿನಿಂದ ಹೊರಟ. ತನ್ನೂರ ಹೊಲಗಳ ಮಗ್ಗುಲಿನ ತೆಂಕಣ ಅಂಚು ಹಿಡಿದದ್ದೇ ಅವನೂರಿನವರು ಮಗಳ ಆಸೆಗೆ ಊರು ಮಾರಿದನೆಂದು ಬಾಯಿಗೆ ಬಂದಂತೆ ಬೈದರು. ಸೀತಿಗೆಹಾಳಿನವರು ಕೇಕೆ ಹಾಕಿದರು. ಪಡುವಣ ಕಲ್ಲು ಬಂತು. ಮಲಿಗ ಹೆಂಟೆ ಇಳಿಸಲಿಲ್ಲ. ತಿರುಗಿ ಸೀತಿಗೆಹಾಳಿನ ಮಗ್ಗುಲಿನ ಬಡಗಣ ಅಂಚು ಹಿಡಿದು ನಡೆದ. ಕೇಕೆ ನಿಂತಿತು. ಬಿಸಿಲೇರುವ ಹೊತ್ತಿಗೆ ಹೊರಟ ಕಲ್ಲಿಗೇ ಬಂದು, ಒಡೆಯದ ಹೆಂಟೆಯನ್ನು ನೆಲಕ್ಕಿಟ್ಟ.

"ಒಳಗಿರಾದು ಯಾರದ್ದೂ ಅಲ್ಲ ಬುದ್ಧಿ," ಎಂದ.

ನಾಯಕ ಒಪ್ಪಿದ. ಈ ಮಾಳವನ್ನು ಯಾರೂ ಉಳಬಾರದು, ಸೂರು ಕಟ್ಟಬಾರದು, ದನ ಮೇಯಲಿಕ್ಕೂ ಮಕ್ಕಳು ಆಡಲಿಕ್ಕೂ ಬಿಟ್ಟಿರಬೇಕು ಎಂದು ಅಪ್ಪಣೆ ಮಾಡಿ, ಕಾಯುವವನಿಗೆ ವರ್ಷದ ಕಾಳನ್ನು ಮಾನ್ಯವಾಗಿ ಬಿಟ್ಟ. ಕಾಯುವವನು ಮಲಿಗನಲ್ಲದೆ ಇನ್ನಾರು? ಎರಡೂ ಊರು ಅವನಿಗೆ ಬೆಂಕಿ, ನೀರು ನಿಲ್ಲಿಸಿದ್ದವು. ಮಾಳದ ಹೊರಗೆ ಗುಡಿಸಲು ಹಾಕಿಕೊಂಡು ಉಳಿದ. ಈರಿ ಬರಲಿಲ್ಲ. ಅಪ್ಪನಿಗೆ ತನಗಿಂತ ಮಣ್ಣೇ ಹೆಚ್ಚಾಯಿತೆಂದು ಅವಳು ಕಡೆಯವರೆಗೂ ನಂಬಿದ್ದಳು ಎನ್ನುತ್ತಾರೆ. ಹೆರಿಗೆ ಸುಸೂತ್ರವಾಯಿತೆಂಬ ಸುದ್ದಿಯನ್ನು ಬಳೆ ಮಾರುವವಳೊಬ್ಬಳು ತಂದಳು. ಗಂಡೋ ಹೆಣ್ಣೋ ಅವಳಿಗೆ ನೆನಪಿರಲಿಲ್ಲ. ಅಷ್ಟಕ್ಕೇ ಮಲಿಗ ಅವಳಿಗೆ ಸೆರಗು ತುಂಬ ಕಾಳು ಸುರಿದ.

ಐದಾರು ವರ್ಷ ಕಳೆದವು. ಸೀತಿಗೆಹಾಳಿನ ಮಕ್ಕಳು ಹಿಂಡು ಹಿಂಡಾಗಿ ಮಾಳಕ್ಕೆ ಬರತೊಡಗಿದವು. ಅವುಗಳಲ್ಲಿ ಒಂದು ತನ್ನ ಮೊಮ್ಮಗು. ಯಾವುದು? ಕುಳವಾಡಿಯ ಜೊತೆ ಮಾತಾಡಕೂಡದೆಂದು ಮನೆಗಳಲ್ಲಿ ಹೇಳಿ ಕಳಿಸುತ್ತಿದ್ದರು. ಒಂದು ದಿನ ತಡೆಯಲಾರದೆ, ಈರಿಯದೇ ಕಣ್ಣು ಎನಿಸಿದ ಒಂದು ಕೂಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿಯೇಬಿಟ್ಟ: "ನೀ ಯಾರ ಮಗ ಕಂದಾ?"

ಕೂಸು ಕಿಟಾರನೆ ಕಿರುಚಿ ಓಡಿತು. ಆಮೇಲೆ ಎಂಟು ದಿನ ಮಾಳಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಆ ಎಂಟು ದಿನಗಳಷ್ಟು ಒಂಟಿತನವನ್ನು ಮಲಿಗ ಹೆಂಡತಿ ಸತ್ತಾಗಲೂ ಕಂಡಿರಲಿಲ್ಲ. ಒಂಬತ್ತನೆಯ ದಿನ ಮಕ್ಕಳ ಗದ್ದಲ ಕೇಳಿದಾಗ ಗುಡಿಸಲಿನಿಂದ ಹೊರಗೇ ಬರಲಿಲ್ಲ, ಕಿವಿಗೊಟ್ಟು ಕೂತಿದ್ದ. ಮತ್ತೆಂದೂ ಯಾರನ್ನೂ ಕೇಳಲಿಲ್ಲ. ಒಂದು ಮಗು ಎಡವಿ ಮೊಣಕಾಲು ಒಡೆದುಕೊಂಡು ಅತ್ತದ್ದನ್ನು ಕಂಡ ಮೇಲೆ, ಮಕ್ಕಳು ಮನೆಗೆ ಹೋದ ಸಂಜೆಗಳಲ್ಲಿ ಮಾಳದ ಕಲ್ಲು ಆರಿಸಲು ಶುರುಮಾಡಿದ. ಬಿದ್ದದ್ದು ತನ್ನ ಮೊಮ್ಮಗುವೇ ಇದ್ದೀತು. ಸಾಯುವವರೆಗೂ ಆರಿಸಿದ.

ಸುತ್ತಲ ಹೊಲಗಳೆಲ್ಲ ಹರಳುಗಲ್ಲಿನವು. ಮಾಳದಲ್ಲಿ ಮಾತ್ರ ಹುಡುಕಿದರೂ ಒಂದು ಕಲ್ಲು ಸಿಗುವುದಿಲ್ಲ. ಪಡುವಣ ಅಂಚಿನಲ್ಲಿ ಆಳೆತ್ತರದ ಕಲ್ಲುಗುಡ್ಡೆಯೊಂದು ಹುಲ್ಲು ಬೆಳೆದು ನಿಂತಿದೆ. ಸಂಜೆ ಎರಡೂ ಊರಿನ ಮಕ್ಕಳು ಅಲ್ಲಿ ಬರಿಗಾಲಲ್ಲೇ ಓಡಾಡುತ್ತವೆ. ಬಿದ್ದ ಮಗುವನ್ನು ಹತ್ತಿರವಿದ್ದವರು ಯಾರಾದರೂ ಸರಿ, ಎತ್ತಿ ಮಣ್ಣು ಕೊಡವಿ ಬಿಡುತ್ತಾರೆ. ಯಾರ ಮಗುವೆಂದು ಅಲ್ಲಿ ಯಾರೂ ಕೇಳುವುದಿಲ್ಲ.