ನಾಯಿ ನಮ್ಮ ಪಕ್ಕಕ್ಕೇ ಬಂದು ಮೈ ಕೊಡವುವುದೇಕೆ?

ಮಕ್ಕಳೇ, ಬೆಟ್ಟಗಳ ಬಣ್ಣ ಇನ್ನೂ ಹಸಿಯಾಗಿದ್ದ ಕಾಲ ಅದು. ಕೈಯಿಟ್ಟರೆ ಬೆರಳಿಗೆ ಹಸಿರು ಹತ್ತುತ್ತಿತ್ತು. ಹೊಳೆ, ಗಾಳಿ, ಬಿಸಿಲು ಎಲ್ಲಕ್ಕೂ ಬಾಯಿ ಇತ್ತು. ಬಾಯಿ ಇದ್ದ ಮೇಲೆ ಸುಮ್ಮನಿರುತ್ತವೆಯೇ? ದಿನವಿಡೀ ಹರಟೆ. ನಾನು ಆ ಕಾಲದಲ್ಲಿ ಹುಟ್ಟಬೇಕಿತ್ತು. ಇರಲಿ, ಕಥೆಗೆ ಬರೋಣ.

ಆಗ ಹೊಳೆಯ ದಂಡೆಯಲ್ಲಿ ಇದ್ದದ್ದು ಒಂದೇ ಒಂದು ಮನೆ. ಅದರಲ್ಲಿ ನೀಲವ್ವ ಎಂಬ ಸೊಸೆ, ಸಿದ್ದವ್ವ ಎಂಬ ಅತ್ತೆ. ನಾಯಿಗಳೆಲ್ಲ ಇನ್ನೂ ಕಾಡಿನಲ್ಲೇ ಇದ್ದವು. ಒಂದು ಮಳೆಗಾಲ, ಬೂದಿ ಬಣ್ಣದ ಹೆಣ್ಣುನಾಯಿಯೊಂದು ನಡುಗುತ್ತ ಬಾಗಿಲಿಗೆ ಬಂತು. ನೀಲವ್ವ ಒಳಗೆ ಕರೆದಳು, ಬೂದವ್ವ ಎಂದು ಹೆಸರಿಟ್ಟಳು. ಒಲೆಯ ಪಕ್ಕದ ಮೂಲೆಯಲ್ಲಿ ಬೂದವ್ವ ಮರಿ ಹಾಕಿದಳು.

ಬೂದವ್ವ ಬಲು ಒಳ್ಳೆಯವಳು. ಆದರೆ ಮನೆ ನಾರತೊಡಗಿತು.

“ಏನ ನೀಲಾ, ಮಜ್ಜಿಗಿನೂ ನಾಯಿ ನಾಯಿ ಅನ್ನಾಕತ್ತೈತಲ್ಲ!” ಎಂದು ಅತ್ತೆ ಮೂಗು ಮುಚ್ಚಿಕೊಂಡರು.

“ಸಾರಸ್ತೀನ್ರಿ ಅತ್ತಿ,” ಎಂದಳು ನೀಲವ್ವ. ಸೆಗಣಿ ಹಾಕಿ ನೆಲ ಸಾರಿಸಿದಳು. ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಮನೆ ಹಸನಾಯಿತು. ಅಷ್ಟರಲ್ಲಿ ಬೂದವ್ವ ಮಳೆಯಲ್ಲಿ ನೆನೆದು ಬಂದಳು. ಮನೆ ನಾರಿತು. ಮತ್ತೆ ಸಾರಿಸಿದಳು, ಮತ್ತೆ ಹೊಗೆ ಹಾಕಿದಳು. ಮತ್ತೆ ಬೂದವ್ವ ಬಂದಳು, ಮತ್ತೆ ನಾರಿತು.

ಒಂದು ಬೆಳಿಗ್ಗೆ ಸಿದ್ದವ್ವ ಖಡಾಖಂಡಿತವಾಗಿ ಹೇಳಿದರು: “ಸಂಜಿಯೊಳಗ ಈ ನಾತ ಹೋಗಬೇಕು. ಇಲ್ಲಾಂದ್ರ ತಾಯಿ, ಮರಿ ಎಲ್ಲಾ ಹೊರಗ!”

ಹೊರಗೆ ಪೊದೆಯಲ್ಲಿ ತೋಳ ಕಾದಿತ್ತು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಬೂದವ್ವ ಹೊಳೆಗೆ ಓಡಿದಳು. “ಹೊಳಿಯವ್ವಾ, ನನ್ನ ನಾತ ತೊಳಿ. ಇಲ್ಲಾಂದ್ರ ನನ್ನ ಮರಿ ತೋಳದ ಬಾಯಿಗೆ!”

“ತೊಳೀತೀನಿ ಬಾರವ್ವಾ. ಆದ್ರ ಒಣಗಸೋದು ನನ್ನ ಕೆಲಸ ಅಲ್ಲ,” ಎಂದಿತು ಹೊಳೆ.

ಗಡಿಬಿಡಿಯಲ್ಲಿ ಬೂದವ್ವ ಅರ್ಧ ಮಾತೇ ಕೇಳಿಸಿಕೊಂಡಳು. ಮುಳುಗಿ ಎದ್ದು, ನೀರು ಸುರಿಸುತ್ತ ಮನೆಗೆ ಬಂದು, ಎಲ್ಲಿ ಮಲಗಿದಳು ಗೊತ್ತೇ? ಅತ್ತೆಯ ಕಂಬಳಿಯ ಮೇಲೆ! ಒದ್ದೆ ನಾಯಿ, ಒದ್ದೆ ಕಂಬಳಿ. ಆ ನಾತಕ್ಕೆ ನಾನು ಓದಿದ ಯಾವ ಪುಸ್ತಕದಲ್ಲೂ ಪದವಿಲ್ಲ.

“ಅಯ್ಯಯ್ಯ, ನನ್ನ ಕಂಬಳಿ!” ಅತ್ತೆ ಕೂಗಿಕೊಂಡರು.

ನೀಲವ್ವನಿಗೆ ದಿಕ್ಕೇ ತೋಚಲಿಲ್ಲ. ಅವಳಿಗೆ ತಿಳಿದದ್ದು ಕೂಸಿನ ಆರೈಕೆ. ಎಣ್ಣೆನೀರು ಹಾಕಿದ ಮೇಲೆ ಕೂಸಿಗೆ ಲೋಬಾನದ ಹೊಗೆ ಕೊಡುತ್ತಾರಲ್ಲ, ತಲೆ ಒಣಗಲಿ, ಘಮ ಬರಲಿ ಎಂದು? ಹಾಗೆಯೇ ಕೆಂಡದ ಮೇಲೆ ಲೋಬಾನ ಉದುರಿಸಿ, ಪಕ್ಕದಲ್ಲಿ ಬೂದವ್ವನನ್ನು ಕೂರಿಸಿ, ಮೇಲೊಂದು ದೊಡ್ಡ ಬಿದಿರಿನ ಬುಟ್ಟಿ ಕವುಚಿದಳು.

ನಾಯಿಯ ಮೂಗು ಸಾಮಾನ್ಯವೇ? ಬುಟ್ಟಿಯೊಳಗೆ ಒಂದು ಸೀನು. ಇನ್ನೊಂದು ಸೀನು. ಮತ್ತೊಂದು ಸೀನಿಗೆ ಬುಟ್ಟಿಗೆ ಕಾಲು ಬಂದು, ಹೊಸ್ತಿಲು ದಾಟಿ ಓಡಿತು!

“ನೀಲಾ! ಬುಟ್ಟಿ ಓಡಾಕತ್ತೈತಿ! ಹಿಡಿ, ಹಿಡಿ!”

“ಬುಟ್ಟಿ ಅಲ್ಲರಿ ಅತ್ತಿ, ಬೂದವ್ವ!”

ಬುಟ್ಟಿ ಗುಡ್ಡ ಹತ್ತಿತು. ಮಳೆ ನಿಂತಿತ್ತು. ಗುಡ್ಡದ ಮೇಲಿದ್ದ ಗಾಳಿ ಇದನ್ನು ನೋಡಿ ಎಷ್ಟು ಜೋರಾಗಿ ನಕ್ಕಿತೆಂದರೆ, ಆ ನಗುವಿಗೇ ಬುಟ್ಟಿ ಹಾರಿಹೋಯಿತು.

“ಯಾಕವ್ವಾ, ಮನಿ ಹೊತ್ಕೊಂಡು ಎಲ್ಲಿಗೆ ಹೊಂಟಿ?” ಎಂದು ಗಾಳಿ ಕೇಳಿತು.

ಬೂದವ್ವ ಅಳುತ್ತ ಎಲ್ಲ ಹೇಳಿಕೊಂಡಳು. ಗಾಳಿ ಅವಳ ಮೈ ಸವರಿ ನೋಡಿತು. “ಹುಚ್ಚಿ, ಕೂದಲ ಬುಡದಾಗ ನೀರು ಕುಂತೈತಿ. ಅದರ ಮ್ಯಾಲ ಹೊಗಿ ಹಾಕಿದ್ರ ನಾತ ಎಲ್ಲಿ ಹೋಗತೈತಿ? ಮೊದಲ ನೀರು ಹೊರಗ ಹಾಕು.”

“ಹ್ಯಾಂಗ? ಒರೆಸಿಕೊಳ್ಳಾಕ ನನಗ ಕೈ ಇಲ್ಲ.”

“ಕೈ ಯಾಕ? ಮೈ ಐತಲ್ಲ!” ಎಂದು ಗಾಳಿ ಅವಳ ಕಿವಿಯೊಳಗೆ ಹೊಕ್ಕು ಕಚಗುಳಿ ಇಟ್ಟಿತು.

ಬೂದವ್ವನ ಮೂಗು ಅದುರಿತು. ಕಿವಿ ಪಟಪಟ ಎಂದವು. ಕುತ್ತಿಗೆ ಅಲುಗಿತು, ಬೆನ್ನು ಅಲುಗಿತು, ಹೊಟ್ಟೆ ಅಲುಗಿತು, ಕೊನೆಗೆ ಬಾಲದ ತುದಿಯೂ ಅಲುಗಿತು. ಫಡಫಡಫಡ! ನೀರೆಲ್ಲ ಹನಿಹನಿಯಾಗಿ ಹಾರಿತು.

“ಉಳಿದದ್ದು ನನಗ ಬಿಡು,” ಎಂದು ಬಿಸಿಲು ಮೋಡದ ಸಂದಿಯಿಂದ ಇಣುಕಿತು. “ಬೆನ್ನು ತೋರಿಸು. ಈಗ ಹೊಟ್ಟಿ ತೋರಿಸು. ನಾಚಬ್ಯಾಡ!” ಬೂದವ್ವ ಕಾಲು ಮೇಲೆ ಮಾಡಿ ಹುಲ್ಲಿನಲ್ಲಿ ಹೊರಳಿದಳು.

ಹೊತ್ತು ಇಳಿಯುವ ಮೊದಲೇ ಓಡೋಡಿ ಬಂದಳು. ಸಿದ್ದವ್ವ ಆಗಲೇ ಮರಿಗಳನ್ನು ಮೊರದಲ್ಲಿ ಹಾಕಿಕೊಂಡು ಹೊಸ್ತಿಲಿಗೆ ಬಂದಿದ್ದರು. ತಟ್ಟನೆ ನಿಂತು ಮೂಗು ಅರಳಿಸಿದರು.

“ನೀಲಾ, ಜೋಳ ಹುರಿಯಾಕತ್ತೀಯೇನು?”

“ಇಲ್ಲರಿ ಅತ್ತಿ.”

ಬಿಸಿಲಿಗೆ ಕಾದ ಬೂದವ್ವನ ಮೈ ಹುರಿದ ಜೋಳದಂತೆ ಘಮಗುಡುತ್ತಿತ್ತು! ಅತ್ತೆ ಬಗ್ಗಿ ಮೂಸಿದರು. ನಂಬಿಕೆಯಾಗದೆ ಇನ್ನೊಮ್ಮೆ ಮೂಸಿದರು. ಮೊರ ಮೆಲ್ಲಗೆ ಕೆಳಗಿಳಿಯಿತು.

“ಮತ್ತ ನನ್ನ ಕಂಬಳಿ?” ಅತ್ತೆ ಸೋಲುವವರಲ್ಲ, ನೋಡಿ.

ಬೂದವ್ವ ಅಂಗಳದಲ್ಲಿ ನಿಂತು ಫಡಫಡನೆ ಮೈ ಕೊಡವಿ ತೋರಿಸಿದಳು. ನೀಲವ್ವನಿಗೆ ಹೊಳೆಯಿತು. ಕಂಬಳಿಯ ಒಂದು ತುದಿ ಅತ್ತೆಗೆ, ಇನ್ನೊಂದು ತುದಿ ತನಗೆ. ಇಬ್ಬರೂ ನಗುತ್ತ ಕೊಡವಿದರು, ಬೇಲಿಗೆ ಹರವಿ ಬಿಸಿಲಿಗೆ ಬಿಟ್ಟರು. ಬಾಗಿಲು, ಕಿಟಕಿ ತೆರೆದಿಟ್ಟರು. ಮನೆಯೊಳಗೆ ಗಾಳಿ ಒಂದು ಸುತ್ತು ಹಾಕಿ ಹೋಯಿತು. ಅಂದಿನ ಮಜ್ಜಿಗೆ ಬರೀ ಮಜ್ಜಿಗೆಯಂತೆ ಇತ್ತು.

“ಇರಲಿ, ಇರು,” ಎಂದರು ಸಿದ್ದವ್ವ ಬೂದವ್ವನಿಗೆ. “ಆದ್ರ ಒಂದು ಮಾತು. ತೊಯ್ಸಿಕೊಂಡು ಬಂದಾಗೆಲ್ಲ ನನ್ನ ಕಣ್ಣ ಮುಂದನ ಮೈ ಕೊಡವಬೇಕು. ಅದನ್ನ ನೋಡಿನ ನಾ ಒಳಗ ಬಿಡಾಕಿ!”

ಬೂದವ್ವ ಆ ಮಾತು ಮೀರಲಿಲ್ಲ. ಕಣ್ಣು ಬಿಟ್ಟ ಮರಿಗಳು ಅವಳನ್ನು ನೋಡಿ ಕಲಿತವು, ಅವುಗಳ ಮರಿಗಳು ಅವುಗಳನ್ನು ನೋಡಿ ಕಲಿತವು.

ಅದಕ್ಕೇ ಮಕ್ಕಳೇ, ಇವತ್ತಿಗೂ ನೆನೆದ ನಾಯಿ ಅಷ್ಟು ದೊಡ್ಡ ಅಂಗಳ ಬಿಟ್ಟು ನಿಮ್ಮ ಪಕ್ಕಕ್ಕೇ ಬಂದು ಮೈ ಕೊಡವುತ್ತದೆ; ನಿಮ್ಮನ್ನು ತೋಯಿಸಬೇಕೆಂದಲ್ಲ, ‘ನೋಡಿದಿರಲ್ಲ, ಈಗ ಒಳಗೆ ಬರಲಾ?’ ಎಂದು ಕೇಳುವುದಕ್ಕೆ.