ಫೌಜದಾರರ ಹಗುರ ಸೈಕಲ್

ಈ ಸೀಮೆಯಲ್ಲಿ ಮೊಟ್ಟಮೊದಲ ರೇಸ್ ಸೈಕಲ್ ಜೋಡಿಸಿದವನು ತನ್ನ ಗೆಳೆಯ ದಾವಲಸಾಬನೇ ಎಂದು ಗುರಸಿದ್ದಜ್ಜ ಚಹಾದಂಗಡಿಯಲ್ಲಿ ಸಾರಿದ. ಕಣ್ಣಾರೆ ಕಂಡವರಲ್ಲಿ ಈಗ ಉಳಿದವನು ಅಜ್ಜ ಒಬ್ಬನೇ.

ಅದನ್ನು ಮಾಡಿಸಿದ್ದು ಪೊಲೀಸ್ ಠಾಣೆಯ ಫೌಜದಾರ ಸಾಹೇಬರು. "ಗಂಟಿ, ಕನ್ನಡಿ, ದೀಪ, ಕ್ಯಾರಿಯರ್ ಎಲ್ಲಾ ಇರಬೇಕು. ಆದರ ಒಂದ ಬೆರಳಿಗೆ ಏಳುವಷ್ಟು ಹಗುರ ಇರಬೇಕು. ಇಲ್ಲಂದ್ರ ನಿನ್ನ ಅಂಗಡಿ ಎತ್ತಸ್ತೀನಿ," ಅಂದಿದ್ದರು.

ದಾವಲಸಾಬ ತೆಳು ಗಾಲಿ ಕೂಡಿಸಿ, ಹೇಳಿದ್ದೆಲ್ಲ ಬಿಗಿದು ನಿಲ್ಲಿಸಿದ. ಸಾಹೇಬರ ಬೆರಳು ಬಾಗಿತು, ಸೈಕಲ್ ಏಳಲಿಲ್ಲ. ದಾವಲಸಾಬ ಮೆಲ್ಲಗೆ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ.

"ಗಂಟಿ ಯಾಕ್ರಿ ಸಾಹೇಬ್ರ?"

"ಮಂದಿ ದಾರಿ ಬಿಡಲಿ ಅಂತ."

"ನಿಮ್ಮ ಮೀಸಿ ಕಂಡ್ರ ಬಿಡೂದಿಲ್ಲೇನ್ರಿ?"

ಸಾಹೇಬರು ಮೀಸೆ ತಿರುವಿದರು. ಗಂಟೆ ಇಳಿಯಿತು.

"ಕನ್ನಡಿ ಯಾಕ್ರಿ? ಹಿಂದಿನವರು ನಿಮ್ಮನ್ನ ನೋಡಬೇಕು, ನೀವು ಅವರನ್ನ ನೋಡೂದೇನ್ರಿ?"

ಕನ್ನಡಿ ಇಳಿಯಿತು. ಸಾಮಾನು ಹೊರುವುದು ಪೇದೆಯ ಕೆಲಸವೆಂದು ಕ್ಯಾರಿಯರ್ ಇಳಿಯಿತು. ಸಾಹೇಬರ ಹೆಸರು ಕೇಳಿದರೆ ಕತ್ತಲೆಯೂ ಸರಿಯುತ್ತದೆಂದು ದೀಪ ಇಳಿಯಿತು. ಅಷ್ಟರಲ್ಲಿ ಸಾಹೇಬರ ಎದೆ ಉಬ್ಬಿ ಅಂಗಿಯ ಗುಂಡಿ ಹಾರಿತ್ತು.

"ಈ ಬ್ರೇಕ್ ಯಾಕಲೇ? ನಾ ಯಾರಿಗರೆ ನಿಲ್ತೀನೇನು? ತೆಗಿ."

"ಅದೊಂದು ಇರಲಿ ಬಿಡ್ರಿ," ಎಂದು ದಾವಲಸಾಬ ಕೈ ಮುಗಿದರೂ ಸಾಹೇಬರು ಕೇಳಲಿಲ್ಲ. ಬ್ರೇಕೂ ಇಳಿಯಿತು.

ಸೈಕಲ್ ಬೆರಳಿಗೆ ಎದ್ದಿತು. ಸಾಹೇಬರು ಹತ್ತಿ, ಅಂಗಡಿ ಮುಂದಿನ ಇಳಿಜಾರಿನಲ್ಲಿ ಹೋದವರು ಇನ್ನೂ ನಿಂತಿಲ್ಲವಂತೆ. ಅಂಗಡಿ ಮಾತ್ರ ಇದ್ದಲ್ಲೇ ನಿಂತಿತು.

"ಅಜ್ಜಾ, ಆ ಅಂಗಡಿ ಮುಂದ ಇಳಿಜಾರ ಎಲ್ಲೈತಿ?" ಎಂದಳು ಚಹಾದ ಕಾಶವ್ವ. "ಅಲ್ಲಿ ಚೆಂಡು ಬಿಟ್ರೂ ಉರುಳೂದಿಲ್ಲ."

ಅಜ್ಜ ಹೆಗಲು ಕುಣಿಸಿದ.

"ಆವಾಗ ಇತ್ತವ್ವ. ಸಾಹೇಬ್ರು ಹೋದ ರಭಸಕ್ಕ ಸಪಾಟಾತು."